ಅಬ್ರಹಾಂ ಬೆನ್ ಯಿಜು

ಅಬ್ರಹಾಂ ಬೆನ್ ಯಿಜು ಕ್ರಿ.ಶ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ. ಉತ್ತರ ಆಫ್ರಿಕಾದ ಮಹ್ದಿಯಾ (ಇಂದಿನ ಟ್ಯುನೀಷಿಯಾ) ಈತನ ಹುಟ್ಟೂರು. 1132ಕ್ಕಿಂತ ಮೊದಲೇ ತುಳುನಾಡಿನ ಕರಾವಳಿಗೆ ಬಂದ ಈತ 1149ರವರೆಗಿನ ಅವಧಿಯ ಬಹುಭಾಗವನ್ನು ಇಲ್ಲಿಯೇ ಕಳೆದನು. ಮೆಣಸು, ಏಲಕ್ಕಿ, ಅಡಿಕೆ ಹಾಗೂ ಕಬ್ಬಿಣದ ರಫ್ತಿನ ಜೊತೆಗೆ ಕಂಚು-ಹಿತ್ತಾಳೆ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸಿದನು. ಈತನ ಪತ್ರಗಳು, ಲೆಕ್ಕದ ಹಾಳೆಗಳು ಮತ್ತು ಟಿಪ್ಪಣಿಗಳು ಕೈರೋ ನಗರದ ಬೆನ್ ಎಜ್ರಾ ಸಿನಗಾಗಿನ ಗೆನೀಜಾ ಎಂಬ ಕೋಣೆಯಲ್ಲಿ ಏಳು ಶತಮಾನಗಳಿಗೂ ಹೆಚ್ಚು ಕಾಲ ಉಳಿದಿದ್ದವು. ಮಧ್ಯಯುಗದ ಮಂಗಳೂರಿನ ವ್ಯಾಪಾರ ಜೀವನವನ್ನು ತಿಳಿಯಲು ಇವು ಅಪೂರ್ವ ಆಕರಗಳು. ನಾಡಿನಿಂದ ದೂರವಾದ ಒಬ್ಬ ವ್ಯಕ್ತಿ ತನ್ನ ಧರ್ಮ, ಭಾಷೆ ಮತ್ತು ಬಂಧುತ್ವಗಳನ್ನು ಹೇಗೆ ಕಾಪಾಡಿಕೊಂಡನು, ಹಿಂದಿರುಗಲು ಹೊರಟಾಗ ಅವನಿಗೆ ಏನು ಉಳಿದಿತ್ತು ಎಂಬುದನ್ನೂ ಇವು ತಿಳಿಸುತ್ತವೆ.

ಹಿನ್ನೆಲೆ

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನಾಶಪಡಿಸಿದ ಮೇಲೆ ಯಹೂದಿಗಳು ಒಂದು ರಾಜ್ಯವಾಗಲೀ ಒಂದು ಕೇಂದ್ರ ದೇವಾಲಯವಾಗಲೀ ಇಲ್ಲದ ಜನಾಂಗವಾದರು. ಈ ಸ್ಥಿತಿಯನ್ನು ಹೀಬ್ರೂ ಭಾಷೆಯಲ್ಲಿ 'ಗಲೂತ್' ಎನ್ನುತ್ತಾರೆ. ದೇಶಭ್ರಷ್ಟತೆ, ಪರದೇಶವಾಸ ಎಂಬ ಎರಡು ಅರ್ಥಗಳೂ ಆ ಪದಕ್ಕುಂಟು. ಚದುರಿದವರನ್ನು ಮತ್ತೆ ಒಂದುಗೂಡಿಸಬೇಕೆಂಬ ಬೇಡಿಕೆ ಅವರ ನಿತ್ಯದ ಪ್ರಾರ್ಥನೆಯಲ್ಲಿಯೇ ಸೇರಿದೆ. ಎಲ್ಲಿದ್ದರೂ ಜೆರುಸಲೇಮಿನ ದಿಕ್ಕಿಗೆ ಮುಖಮಾಡಿ ಪ್ರಾರ್ಥಿಸುವುದು ರೂಢಿ.

ಬೆನ್ ಯಿಜುವಿನ ಕಾಲದಲ್ಲಿ ಈ ಹಂಬಲ ಹೊಸ ತೀವ್ರತೆಯನ್ನು ಪಡೆದಿತ್ತು. 1099ರಲ್ಲಿ ಕ್ರೂಸೇಡ್ ಯೋಧರು ಜೆರುಸಲೇಮನ್ನು ವಶಪಡಿಸಿಕೊಂಡು ಅಲ್ಲಿ ಯಹೂದಿಗಳು ನೆಲೆಸದಂತೆ ನಿಷೇಧಿಸಿದ್ದರು. ಸ್ಪೇನಿನ ಹೀಬ್ರೂ ಕವಿ ಯೆಹೂದಾ ಹಲೇವಿ ಪವಿತ್ರಭೂಮಿಯನ್ನು ಕಾಣಲೇಬೇಕೆಂದು ಹೊರಟು 1140ರಲ್ಲಿ ಈಜಿಪ್ಟಿಗೆ ಬಂದನು. 1141ರಲ್ಲಿ ಅಲ್ಲಿಂದ ಮುಂದೆ ಹಡಗೇರಿ ಅದೇ ವರ್ಷ ತೀರಿಕೊಂಡನು. ಆ ಕವಿಯ ಆಪ್ತಮಿತ್ರ ಹಲ್ಫೋನ್ ಬೆನ್ ನೆತನೆಲ್ ಭಾರತದವರೆಗೂ ಪ್ರಯಾಣ ಮಾಡಿದ್ದ ವರ್ತಕ. ಏಡನ್ನಿನಲ್ಲಿ ಬೆನ್ ಯಿಜುವಿಗೆ ಆಶ್ರಯದಾತನಾಗಿದ್ದ ಮದ್ಮೂನನೊಡನೆ ಆತನಿಗೂ ವ್ಯವಹಾರವಿತ್ತು. ಹೀಗೆ ಜೆರುಸಲೇಮಿಗಾಗಿ ಹಾತೊರೆದ ಕವಿಯ ಲೋಕವೂ ಮಂಗಳೂರಿನ ಮೆಣಸಿನ ವ್ಯಾಪಾರದ ಲೋಕವೂ ಒಂದಕ್ಕೊಂದು ಬಹಳ ದೂರವಿರಲಿಲ್ಲ.

ಆರಂಭಿಕ ಜೀವನ

ಬೆನ್ ಯಿಜುವಿನ ತಂದೆ ಪೆರಹ್ಯಾ. ಮುಬಶ್ಶಿರ್ ಮತ್ತು ಯೂಸುಫ್ ಎಂಬ ಇಬ್ಬರು ಸಹೋದರರೂ ಬೆರಾಖಾ ಎಂಬ ಸಹೋದರಿಯೂ ಇದ್ದರು. ಬೆನ್ ಯಿಜುವಿನ ಕೈಬರಹ ಸ್ಫುಟವಾದುದು. ಧರ್ಮಶಾಸ್ತ್ರದಲ್ಲಿ ಅವನಿಗೆ ಒಳ್ಳೆಯ ಶಿಕ್ಷಣ ದೊರೆತಿತ್ತು ಎಂಬುದು ಅವನ ಟಿಪ್ಪಣಿಗಳಿಂದ ಸ್ಪಷ್ಟವಾಗುತ್ತದೆ. ಹೀಬ್ರೂವಿನಲ್ಲಿ ಪದ್ಯಗಳನ್ನೂ ರಚಿಸುತ್ತಿದ್ದನು.

ಯೌವನದಲ್ಲಿ ಪೂರ್ವದ ವ್ಯಾಪಾರಕ್ಕೆ ಮನಸ್ಸು ಮಾಡಿ ಏಡನ್ ಬಂದರಿಗೆ ಹೋದನು. ಕೆಂಪು ಸಮುದ್ರದ ಬಾಯಿಯ ಬಳಿಯಿರುವ ಈ ಬಂದರು ಈಜಿಪ್ಟ್ ಮತ್ತು ಭಾರತಗಳ ನಡುವಣ ವ್ಯಾಪಾರದ ಕೀಲಿಕೈಯಾಗಿತ್ತು. ಅಲ್ಲಿನ ವರ್ತಕರ ಪ್ರತಿನಿಧಿಯೂ ಯಹೂದಿ ಸಮುದಾಯದ ಮುಖ್ಯಸ್ಥನೂ ಆಗಿದ್ದ ಮದ್ಮೂನ್ ಇಬ್ನ್ ಬುಂದಾರ್ ಈತನಿಗೆ ಮಾರ್ಗದರ್ಶಕನಾದನು. ಖಲಫ್ ಇಬ್ನ್ ಇಸ್ಹಾಕ್ ಮತ್ತು ಯೂಸುಫ್ ಇಬ್ನ್ ಅಬ್ರಹಾಂ ಎಂಬ ಇನ್ನಿಬ್ಬರು ಏಡನ್ ವರ್ತಕರು ಜೀವನಪರ್ಯಂತದ ಗೆಳೆಯರಾದರು. ಈ ಮೂವರೂ ಬರೆದ ಪತ್ರಗಳೇ ಬೆನ್ ಯಿಜುವಿನ ಮಂಗಳೂರು ವಾಸದ ಬಗ್ಗೆ ಹೆಚ್ಚಿನ ಮಾಹಿತಿ ನೀಡುತ್ತವೆ.

ಮಂಗಳೂರು ವಾಸ

ಅರಬ್ ವರ್ತಕರು ಮಂಗಳೂರನ್ನು 'ಮಂಜರೂರ್' ಎಂದು ಕರೆಯುತ್ತಿದ್ದರು. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವೆಡೆಯಲ್ಲಿದ್ದ ಈ ಪಟ್ಟಣವು ಆಗ ಅಳುಪ ಅರಸರ ಆಳ್ವಿಕೆಯಲ್ಲಿತ್ತು. ಬೆನ್ ಯಿಜು ಇಲ್ಲಿದ್ದ ಕಾಲ ಕವಿ ಅಳುಪೇಂದ್ರನ ಆಳ್ವಿಕೆಯ ಕಾಲ. ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನು ಆಳುತ್ತಿದ್ದನು.

ಬೆನ್ ಯಿಜು ಇಷ್ಟು ದೀರ್ಘಕಾಲ ಇಲ್ಲಿಯೇ ಉಳಿದುದಕ್ಕೆ ಕಾರಣವೇನೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಏಡನ್ನಿಗೆ ಮರಳಲು ಆತನಿಗೆ ಯಾವುದೋ ಅಡ್ಡಿಯಿತ್ತೆಂದೂ ಅಲ್ಲಿನ ಆಡಳಿತಗಾರರಿಂದ ಅಭಯ ಪಡೆಯಲು ಮದ್ಮೂನ್ ಯತ್ನಿಸಿದನೆಂದೂ ಪತ್ರವೊಂದರ ಆಧಾರದ ಮೇಲೆ ಲೇಖಕ ಅಮಿತಾವ್ ಘೋಷ್ ಊಹಿಸಿದ್ದಾರೆ. 1140ರ ದಶಕದ ಆರಂಭದಲ್ಲಿ ಆತನು ಕೆಲವು ವರ್ಷ ಯೆಮನ್‌ಗೆ ಹೋಗಿ ಮತ್ತೆ ಭಾರತಕ್ಕೆ ಬಂದಿರಬೇಕೆಂಬುದು ಇತರರ ಅಭಿಪ್ರಾಯ.

ವ್ಯಾಪಾರ

ಬೆನ್ ಯಿಜು ಏಡನ್ನಿನ ಗೆಳೆಯರಿಗಾಗಿ ಕಾಳುಮೆಣಸು, ಏಲಕ್ಕಿ, ಅಡಿಕೆ ಮತ್ತು ಕಬ್ಬಿಣವನ್ನು ಖರೀದಿಸಿ ಹಡಗಿಗೇರಿಸುತ್ತಿದ್ದನು. ಅಲ್ಲಿಂದ ತಾಮ್ರ, ಸೀಸ ಮುಂತಾದ ಲೋಹಗಳೂ ಬಟ್ಟೆಗಳೂ ಬರುತ್ತಿದ್ದವು. ಮಲಬಾರಿನ ಇತರ ಬಂದರುಗಳಿಗೂ ಆತನು ಹೋಗಿಬರುತ್ತಿದ್ದನು.

ಆತನ ಕಂಚು ಮತ್ತು ಹಿತ್ತಾಳೆಯ ಕಾರ್ಖಾನೆಯಲ್ಲಿ ಸ್ಥಳೀಯ ಕುಶಲಕರ್ಮಿಗಳು ಕೆಲಸ ಮಾಡುತ್ತಿದ್ದರು. ಏಡನ್ನಿನಿಂದ ಒಡೆದ ಹಳೆಯ ಪಾತ್ರೆಗಳನ್ನು ಇಲ್ಲಿಗೆ ಕಳುಹಿಸಿ, ಅವನ್ನು ಕರಗಿಸಿ ಇಂಥ ಅಳತೆಯ ಇಂಥ ಆಕಾರದ ಹೊಸ ಪಾತ್ರೆ ಮಾಡಿಸಿಕೊಡಬೇಕೆಂದು ಬರೆಯುತ್ತಿದ್ದರು. ಸಾವಿರಾರು ಮೈಲಿ ಕಡಲನ್ನು ದಾಟಿಸಿ ಹಳೆಯ ಪಾತ್ರೆ ಕಳುಹಿಸುವಷ್ಟು ತುಳುನಾಡಿನ ಲೋಹದ ಕೆಲಸಕ್ಕೆ ಬೇಡಿಕೆಯಿತ್ತೆಂಬುದು ಇದರಿಂದ ತಿಳಿಯುತ್ತದೆ.

ಈ ವ್ಯಾಪಾರದ ಆಧಾರ ಪರಸ್ಪರ ನಂಬಿಕೆ. ಒಬ್ಬರ ಸರಕನ್ನು ಇನ್ನೊಬ್ಬರು ಮಾರಿ ಲೆಕ್ಕ ಒಪ್ಪಿಸುತ್ತಿದ್ದರು. ಮದ್ಮೂನ್ ತನ್ನ ಪತ್ರಗಳಲ್ಲಿ ಮಂಗಳೂರಿನ ಬನಿಯಾ ವರ್ತಕರಿಗೂ ಸಂದೇಶ ಕಳುಹಿಸಿ, ಅವರು ಏಡನ್ನಿಗೆ ಹಡಗು ಕಳುಹಿಸಿದರೆ ತಾನೂ ಪಾಲುದಾರನಾಗುವೆನೆಂದು ತಿಳಿಸಿದ್ದಾನೆ. ನಂಬಿಕೆ ಕೆಟ್ಟ ಉದಾಹರಣೆಯೂ ಉಂಟು. ಏಲಕ್ಕಿಗಾಗಿ ಮುಂಗಡ ಹಣ ಪಡೆದ ಸ್ಥಳೀಯ ಸರಬರಾಜುದಾರನೊಬ್ಬ ಸರಕನ್ನು ಕೊಡಲಿಲ್ಲ. ಈ ಬಾಕಿಯ ವಿಷಯ ಏಡನ್ನಿನ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಬೊಮ್ಮ

ಬೆನ್ ಯಿಜುವಿನ ವ್ಯವಹಾರಗಳಲ್ಲಿ ಆತನ ಪ್ರತಿನಿಧಿಯಾಗಿ ಏಡನ್ನಿಗೆ ಹೋಗಿಬರುತ್ತಿದ್ದವನು ಒಬ್ಬ ಸೇವಕ. ದಾಖಲೆಗಳು ಆತನನ್ನು ದಾಸನೆಂದು ಕರೆದರೂ ಆತನು ದೊಡ್ಡ ಮೊತ್ತದ ಸರಕನ್ನು ನಿರ್ವಹಿಸುತ್ತಿದ್ದನು. ವ್ಯಂಜನಗಳನ್ನು ಮಾತ್ರ ಬರೆಯುವ ಲಿಪಿಯಲ್ಲಿದ್ದ ಈತನ ಹೆಸರನ್ನು ಹೇಗೆ ಓದಬೇಕೆಂಬುದು ಬಹುಕಾಲ ಸಮಸ್ಯೆಯಾಗಿತ್ತು. ಅದು ತುಳುನಾಡಿನಲ್ಲಿ ಬಳಕೆಯಲ್ಲಿದ್ದ 'ಬೊಮ್ಮ' ಎಂಬ ಹೆಸರೆಂದು ಘೋಷ್ ತೀರ್ಮಾನಿಸಿದರು. ಈ ವಿಷಯದಲ್ಲಿ ತುಳು ಮತ್ತು ಕನ್ನಡ ವಿದ್ವಾಂಸರಾದ ಬಿ. ಎ. ವಿವೇಕ ರೈ ಅವರ ಸಲಹೆಯನ್ನು ಅವರು ಪಡೆದಿದ್ದರು.

1135ರಲ್ಲಿ ಬೊಮ್ಮ ಏಡನ್ನಿನಲ್ಲಿದ್ದನು. ಆ ವರ್ಷ ಪರ್ಷಿಯನ್ ಕೊಲ್ಲಿಯ ಕೀಶ್ ದ್ವೀಪದ ಅಮೀರನ ನೌಕಾಪಡೆ ಏಡನ್ನಿನ ಮೇಲೆ ದಾಳಿ ಮಾಡಿತು. ಅದೇ ಸಮಯದಲ್ಲಿ ಬೊಮ್ಮ ತನಗೆ ಸಂದ ಹಣವನ್ನು ಮುಗಿಸಿ, ಕುಡಿದು ಬಂದು ಇನ್ನಷ್ಟು ಕೇಳಿದನೆಂದು ಮದ್ಮೂನ್ ದೂರಿದ್ದಾನೆ. ಮುಂದಿನ ವರ್ಷಗಳ ಪತ್ರಗಳಲ್ಲಿ ಇದೇ ಬೊಮ್ಮನಿಗೆ ಏಡನ್ನಿನ ವರ್ತಕರು ಆದರದಿಂದ ವಂದನೆ ತಿಳಿಸಿರುವುದು ಕಂಡುಬರುತ್ತದೆ.

ಆಶು ಮತ್ತು ಮಕ್ಕಳು

1132ರ ಅಕ್ಟೋಬರ್ 17ರಂದು ಬೆನ್ ಯಿಜು ಮಂಗಳೂರಿನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದನು. ಆಗ ಆತನೇ ಬರೆದ ಬಿಡುಗಡೆ ಪತ್ರ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಆಶು ತುಳುನಾಡಿನವಳೆಂದು ವಿದ್ವಾಂಸರು ಆ ಪತ್ರದಿಂದ ತಿಳಿದಿದ್ದಾರೆ. ಆಕೆ ನಾಯರ್ ಮನೆತನದವಳಿರಬೇಕೆಂಬುದು ಘೋಷ್ ಅವರ ಊಹೆ. ಆಕೆಯನ್ನು ಯಹೂದಿ ಧರ್ಮಕ್ಕೆ ಸೇರಿಸಿಕೊಂಡು ಬೆರಾಖಾ ಎಂದು ಹೆಸರಿಡಲಾಯಿತು. ಅದು ಬೆನ್ ಯಿಜುವಿನ ಸಹೋದರಿಯ ಹೆಸರು. ಆಶುವನ್ನು ಆತನು ವಿವಾಹವಾದನೆಂದು ವಿದ್ವಾಂಸರು ಭಾವಿಸುತ್ತಾರೆ.

ಮಗನಿಗೆ ಸುರೂರ್ ಎಂದೂ ಮಗಳಿಗೆ ಸಿತ್ತ್ ಅಲ್-ದಾರ್ ಎಂದೂ ಹೆಸರು. ಅರಬ್ಬೀ ಭಾಷೆಯಲ್ಲಿ ಸುರೂರ್ ಎಂದರೆ ಸಂತೋಷ, ಸಿತ್ತ್ ಅಲ್-ದಾರ್ ಎಂದರೆ ಮನೆಯೊಡತಿ. ಬೆನ್ ಯಿಜುವಿನ ನಂತರದ ಪತ್ರಗಳಲ್ಲಿ ಮಕ್ಕಳ ಪ್ರಸ್ತಾಪ ಬರುತ್ತದೆ. ಆಶುವಿನ ಹೆಸರು ಬರುವುದಿಲ್ಲ.

ಪರದೇಶದಲ್ಲಿ ಧರ್ಮ ಮತ್ತು ಬಳಗ

ಯಹೂದಿ ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ಪುರುಷರಿರಬೇಕು. ಆಹಾರಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಶನಿವಾರ ಕೆಲಸ ನಿಷಿದ್ಧ. ದೂರದ ಬಂದರಿನಲ್ಲಿ ನೆಲೆಸಿದ ವರ್ತಕನೊಬ್ಬನು ಇವನ್ನೆಲ್ಲ ಪಾಲಿಸಲು ಬಳಗದ ನೆರವು ಬೇಕಿತ್ತು. ಆ ನೆರವು ಬಂದುದು ಹಡಗುಗಳ ಮೂಲಕ.

ಏಡನ್ನಿನ ಗೆಳೆಯರು ಪ್ರತಿ ಸರಕಿನೊಡನೆ ಸಣ್ಣ ಕಾಣಿಕೆಗಳನ್ನು ಸೇರಿಸುತ್ತಿದ್ದರು. ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಖರ್ಜೂರ, ಸಾಬೂನು ಮತ್ತು ಚಾಪೆ ಇವು ಆ ಪಟ್ಟಿಗಳಲ್ಲಿ ಕಂಡುಬರುತ್ತವೆ. ಎಲ್ಲಕ್ಕಿಂತ ಮುಖ್ಯವಾದುದು ಕಾಗದ. ಆ ಕಾಲದ ಕರಾವಳಿಯಲ್ಲಿ ಬರವಣಿಗೆಗೆ ಬಳಸುತ್ತಿದ್ದುದು ತಾಳೆಗರಿ. ಬೆನ್ ಯಿಜುವಿಗೆ ಬೇಕಾಗಿದ್ದ ಈಜಿಪ್ಟಿನ ಕಾಗದವನ್ನು ಮದ್ಮೂನ್ ಮತ್ತು ಇತರರು ಏಡನ್ನಿನಿಂದ ಕಳುಹಿಸುತ್ತಿದ್ದರು. ಬಂದ ಪತ್ರದ ಖಾಲಿ ಬೆನ್ನನ್ನೂ ಆತನು ವ್ಯರ್ಥ ಮಾಡಲಿಲ್ಲ. ಅದರ ಮೇಲೆ ಲೆಕ್ಕ, ಪದ್ಯದ ಕರಡು, ಧರ್ಮಶಾಸ್ತ್ರದ ಟಿಪ್ಪಣಿಗಳನ್ನು ಬರೆದಿದ್ದಾನೆ.

ಈ ಪತ್ರಗಳ ಭಾಷೆ ಅರಬ್ಬೀ, ಲಿಪಿ ಹೀಬ್ರೂ. ಟ್ಯುನೀಷಿಯಾದಿಂದ ಮಂಗಳೂರಿನವರೆಗಿನ ಯಹೂದಿ ವರ್ತಕರು ಈ ಬಗೆಯ ಬರಹದಲ್ಲಿಯೇ ಸಂಪರ್ಕ ಇಟ್ಟುಕೊಂಡಿದ್ದರು. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಮುಚ್ಚಿರುತ್ತಿದ್ದುದರಿಂದ ಪತ್ರವೊಂದಕ್ಕೆ ಉತ್ತರ ಬರಲು ಅನೇಕ ತಿಂಗಳು, ಕೆಲವೊಮ್ಮೆ ಒಂದು ವರ್ಷವೇ ಬೇಕಾಗುತ್ತಿತ್ತು. ಹಡಗು ಮುಳುಗುವುದೂ ಅಪರೂಪವಲ್ಲ. ಪ್ರಸಿದ್ಧ ದಾರ್ಶನಿಕ ಮೈಮೋನಿಡೀಸನ ಸಹೋದರ ದಾವೀದ್ ಮುಂದೆ ಇದೇ ವ್ಯಾಪಾರಕ್ಕಾಗಿ ಭಾರತಕ್ಕೆ ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತನು.

ಮರಳಿ ಹೊರಟದ್ದು

1148ರಲ್ಲಿ ಸಿಸಿಲಿಯ ನಾರ್ಮನ್ ದೊರೆ ಎರಡನೆಯ ರೋಜರನ ಪಡೆ ಮಹ್ದಿಯಾ ನಗರವನ್ನು ವಶಪಡಿಸಿಕೊಂಡಿತು. ಬೆನ್ ಯಿಜುವಿನ ಸಹೋದರ ಯೂಸುಫನ ಕುಟುಂಬ ಊರು ತೊರೆದು ಸಿಸಿಲಿ ಸೇರಿತು. ಅದೇ ದಶಕದಲ್ಲಿ ಅಲ್ಮೊಹದ್ ಪಡೆಗಳ ಮುನ್ನಡೆಯಿಂದ ಮೊರಾಕೊ ಮತ್ತು ಸ್ಪೇನಿನ ಯಹೂದಿಗಳು ತೀವ್ರ ಹಿಂಸೆಗೆ ಗುರಿಯಾಗಿದ್ದರು.

1149ರಲ್ಲಿ ಬೆನ್ ಯಿಜು ಇಬ್ಬರು ಮಕ್ಕಳೊಡನೆ ಮಂಗಳೂರಿನಿಂದ ಹಡಗೇರಿ ಏಡನ್ನಿಗೆ ಬಂದನು. ಸೆಪ್ಟೆಂಬರ್ 11ರಂದು ಅಲ್ಲಿಂದ ಸಹೋದರನಿಗೆ ಬರೆದ ಪತ್ರ ಉಳಿದಿದೆ. ತಾನು ಸಂಪತ್ತಿನೊಡನೆ ಕ್ಷೇಮವಾಗಿ ಬಂದಿರುವುದನ್ನು ಆತನು ತಿಳಿಸುತ್ತಾನೆ. ಬಂಧುಗಳು ಕಷ್ಟದಲ್ಲಿರುವ ಸುದ್ದಿ ತನಗೆ ಮುಟ್ಟಿದೆಯೆಂದೂ ತನ್ನಲ್ಲಿರುವುದು ಅವರೆಲ್ಲರಿಗೂ ಸಾಕಾಗುವಷ್ಟಿದೆಯೆಂದೂ ಹೇಳಿ, ತನ್ನ ಬಳಿಗೆ ಬರುವಂತೆ ಕರೆಯುತ್ತಾನೆ. ಮಗಳನ್ನು ಸಹೋದರನ ಮಗನಿಗೆ ಕೊಡಬೇಕೆಂಬ ಬಯಕೆಯನ್ನೂ ತೋಡಿಕೊಳ್ಳುತ್ತಾನೆ. ಹಿಂದಿರುಗಲು ಆತನಿಗೆ ಊರು ಉಳಿದಿರಲಿಲ್ಲ. ಆದ್ದರಿಂದ ಚದುರಿದ ಬಳಗವನ್ನೇ ಒಂದೆಡೆ ಸೇರಿಸಲು ಹೊರಟನು.

ಮುಂದಿನ ಕೆಲವು ವರ್ಷಗಳನ್ನು ಆತನು ಯೆಮನ್ನಿನಲ್ಲಿ ಕಳೆದನು. ಆ ಅವಧಿಯಲ್ಲಿ ಒಂದರ ಮೇಲೊಂದು ಆಘಾತಗಳು ಬಂದವು. ಸಹೋದರ ಮುಬಶ್ಶಿರನಿಂದ ದೊಡ್ಡ ಮೊತ್ತದ ಹಣಕ್ಕೆ ಮೋಸಹೋದನು. 1151ರಲ್ಲಿ ಮದ್ಮೂನ್ ತೀರಿಕೊಂಡನು. ಆತನನ್ನು ಕುರಿತು ಬೆನ್ ಯಿಜು ಶೋಕಗೀತೆಯೊಂದನ್ನು ರಚಿಸಿದನು. ಮಗ ಸುರೂರ್ ಸಹ ಬಾಳಲಿಲ್ಲ. ಆ ಸಾವನ್ನು ಯೂಸುಫನಿಗೆ ತಿಳಿಸುವ ಪತ್ರದಲ್ಲಿ ತನ್ನ ದುಃಖವನ್ನು ವರ್ಣಿಸಲು ಮಾತು ಸಾಲದೆಂಬ ಭಾವವನ್ನು ವ್ಯಕ್ತಪಡಿಸಿದ್ದಾನೆ.

ಮಕ್ಕಳ ಧಾರ್ಮಿಕ ಸ್ಥಾನದ ಪ್ರಶ್ನೆಯೂ ಈ ಕಾಲದಲ್ಲಿ ಎದ್ದಂತೆ ತೋರುತ್ತದೆ. ಭಾರತದಲ್ಲಿ ದಾಸಿಯಾಗಿದ್ದವಳಿಗೆ ಹುಟ್ಟಿದ ಮಕ್ಕಳು ಪೂರ್ಣ ಯಹೂದಿಗಳೇ ಎಂಬ ಚರ್ಚೆಗೆ ಸಂಬಂಧಿಸಿದ ಬರಹಗಳು ಬೆನ್ ಯಿಜುವಿನ ಸಂತತಿಯ ವಿಷಯವನ್ನೇ ಕುರಿತವೆಂದು ಇತಿಹಾಸಕಾರ ಮೊರ್ದೆಕಾಯ್ ಫ್ರೀಡ್‌ಮನ್ ವಿವರಿಸಿದ್ದಾರೆ. ಇಪ್ಪತ್ತು ವರ್ಷಗಳ ಹಿಂದೆ ಮಂಗಳೂರಿನಲ್ಲಿ ವಿಧಿವತ್ತಾಗಿ ಬರೆದಿಟ್ಟ ಬಿಡುಗಡೆ ಪತ್ರಕ್ಕೆ ಈ ಹಿನ್ನೆಲೆಯಲ್ಲಿ ವಿಶೇಷ ಮಹತ್ವವಿದೆ.

ಮಗಳ ವಿವಾಹ

ಮಗಳಿಗೆ ಏಡನ್ನಿನ ಪ್ರತಿಷ್ಠಿತ ವರ್ತಕರ ಮನೆಯಿಂದಲೇ ಸಂಬಂಧ ಕೇಳಿಬಂದಿತ್ತು. ಬೆನ್ ಯಿಜು ಅದನ್ನು ಒಪ್ಪದೆ ಸಹೋದರನ ಮಗನೇ ಆಗಬೇಕೆಂದು ಹಟ ಹಿಡಿದನು. ಯೂಸುಫನ ಹಿರಿಯ ಮಗ ಪೆರಹ್ಯಾ ಕೊನೆಗೆ ಸಿಸಿಲಿಯಿಂದ ಈಜಿಪ್ಟಿಗೆ ಬಂದನು. ಈತನಿಗೂ ಸುರೂರ್ ಎಂಬ ಅಡ್ಡಹೆಸರಿತ್ತು. 1156ರಲ್ಲಿ ಇಂದಿನ ಕೈರೋ ನಗರದ ಭಾಗವಾಗಿರುವ ಫುಸ್ತಾತಿನಲ್ಲಿ ಸಿತ್ತ್ ಅಲ್-ದಾರ್‌ಳೊಡನೆ ಆತನ ವಿವಾಹ ನಡೆಯಿತು. ವಧುವಿಗೆ ಕೊಟ್ಟ ಒಡವೆ ಮತ್ತು ವಸ್ತ್ರಗಳ ಪಟ್ಟಿ ಗೆನೀಜಾದಲ್ಲಿ ದೊರೆತಿದೆ. ಪೆರಹ್ಯಾ ಮುಂದೆ ಈಜಿಪ್ಟಿನ ಅಲ್-ಮಹಲ್ಲಾ ಪಟ್ಟಣದಲ್ಲಿ ಯಹೂದಿ ಸಮುದಾಯದ ನ್ಯಾಯಾಧೀಶನಾದನು. ತುಳುನಾಡಿನಲ್ಲಿ ಬೆಳೆದ ಹುಡುಗಿಯು ತಂದೆಯ ಬಳಗದೊಳಗೆ ಸೇರಿದ್ದು ಹೀಗೆ.

ಗೆನೀಜಾದ ಶೋಧ

ದೇವರ ಹೆಸರಿರಬಹುದಾದ ಬರಹವನ್ನು ನಾಶಮಾಡಬಾರದೆಂಬುದು ಯಹೂದಿಗಳ ಸಂಪ್ರದಾಯ. ಆದ್ದರಿಂದ ಬಳಕೆ ಮುಗಿದ ಕಾಗದಗಳನ್ನು ಗೆನೀಜಾ ಎಂಬ ಕೋಣೆಯಲ್ಲಿ ಹಾಕುತ್ತಿದ್ದರು. ಫುಸ್ತಾತಿನ ಬೆನ್ ಎಜ್ರಾ ಸಿನಗಾಗಿನ ಗೆನೀಜಾದಲ್ಲಿ ಧರ್ಮಗ್ರಂಥಗಳ ಹಾಳೆಗಳ ಜೊತೆಗೆ ವ್ಯಾಪಾರದ ಪತ್ರಗಳೂ ಶತಮಾನಗಳವರೆಗೆ ಸೇರುತ್ತ ಹೋದವು. ಒಣಹವೆಯಿಂದಾಗಿ ಕೆಡದೆ ಉಳಿದವು. ಬೆನ್ ಯಿಜು ಮಂಗಳೂರಿನಿಂದ ಜೋಪಾನವಾಗಿ ತಂದ ಕಾಗದಗಳೂ ಇಲ್ಲಿಗೇ ಬಂದವು.

1896-97ರಲ್ಲಿ ವಿದ್ವಾಂಸ ಸೊಲೊಮನ್ ಶೆಖ್ಟರ್ ಈ ಸಂಗ್ರಹದ ಬಹುಭಾಗವನ್ನು ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದರು. ಅಲ್ಲಿ ಈಗ ಸುಮಾರು 1,93,000 ಹಾಳೆಗಳು ಮತ್ತು ತುಣುಕುಗಳಿವೆ. ಉಳಿದವು ಆಕ್ಸ್‌ಫರ್ಡ್, ಸೇಂಟ್ ಪೀಟರ್ಸ್‌ಬರ್ಗ್, ಜೆರುಸಲೇಮ್, ಫಿಲಡೆಲ್ಫಿಯಾ ಮುಂತಾದೆಡೆಗಳಿಗೆ ಹಂಚಿಹೋದವು. ಬೆನ್ ಯಿಜುವಿನ ಪತ್ರಗಳೂ ಆತನ ಬಳಗದಂತೆಯೇ ಹಲವು ದೇಶಗಳಲ್ಲಿ ಚದುರಿಹೋಗಿವೆ.

ಅಧ್ಯಯನಗಳು

ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಗೆನೀಜಾ ದಾಖಲೆಗಳನ್ನು ದಶಕಗಳ ಕಾಲ ಹುಡುಕಿ ಜೋಡಿಸಿದವರು ಇತಿಹಾಸಕಾರ ಎಸ್. ಡಿ. ಗೊಯ್ಟೈನ್. ಜರ್ಮನಿಯಲ್ಲಿ ಹುಟ್ಟಿ, ಜೆರುಸಲೇಮಿನಲ್ಲಿ ಅಧ್ಯಾಪಕರಾಗಿದ್ದು, ಕೊನೆಯ ವರ್ಷಗಳನ್ನು ಅಮೆರಿಕದಲ್ಲಿ ಕಳೆದ ಅವರು 1985ರಲ್ಲಿ ನಿಧನರಾದರು. ಅವರ ಕೆಲಸವನ್ನು ಫ್ರೀಡ್‌ಮನ್ ಮುಂದುವರಿಸಿ, 2008ರಲ್ಲಿ 'ಇಂಡಿಯಾ ಟ್ರೇಡರ್ಸ್ ಆಫ್ ದ ಮಿಡಲ್ ಏಜಸ್' ಎಂಬ ಬೃಹತ್ ಗ್ರಂಥವಾಗಿ ಪ್ರಕಟಿಸಿದರು.

ಸಾಮಾನ್ಯ ಓದುಗರಿಗೆ ಬೆನ್ ಯಿಜು ಪರಿಚಿತನಾದುದು ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' (1992) ಕೃತಿಯಿಂದ. ಘೋಷ್ ಅವರು ಬೊಮ್ಮನ ಜಾಡು ಹಿಡಿದು ಈಜಿಪ್ಟಿನಿಂದ ಮಂಗಳೂರಿನವರೆಗೆ ಬಂದ ಬಗೆಯನ್ನು ಅದರಲ್ಲಿ ವಿವರಿಸಿದ್ದಾರೆ. ಫಿಲಡೆಲ್ಫಿಯಾದಲ್ಲಿರುವ ಲೆಕ್ಕದ ಹಾಳೆಯೊಂದರಲ್ಲಿ ಬೊಮ್ಮನ ಹೆಸರಿರುವುದನ್ನು ಗುರುತಿಸಿ, ಆತನು ಯಜಮಾನನೊಡನೆ ಈಜಿಪ್ಟಿಗೂ ಹೋಗಿದ್ದನೆಂದು ಅವರು ಹೇಳುತ್ತಾರೆ. ಹಾಗಿದ್ದಲ್ಲಿ ಬೆನ್ ಯಿಜುವಿನ ಪರದೇಶವಾಸ ಮುಗಿದ ಹೊತ್ತಿಗೆ ಬೊಮ್ಮನದು ಆರಂಭವಾಗಿತ್ತೆನ್ನಬೇಕು. ಎಲಿಜಬೆತ್ ಲ್ಯಾಂಬೋರ್ನ್ ಅವರ 'ಅಬ್ರಹಾಮ್ಸ್ ಲಗೇಜ್' (2018) ಎಂಬ ಗ್ರಂಥವು ಭಾರತದಿಂದ ಹೊರಡುವಾಗ ಬೆನ್ ಯಿಜು ಮಾಡಿಕೊಂಡ ಸಾಮಾನುಪಟ್ಟಿಯೊಂದನ್ನೇ ಆಧರಿಸಿದೆ.

ಮಹತ್ವ

ಕರ್ನಾಟಕದ ಕರಾವಳಿಯ ಇತಿಹಾಸಕ್ಕೆ ಶಾಸನಗಳು ಮುಖ್ಯ ಆಧಾರ. ಅವು ಅರಸರ ಆಳ್ವಿಕೆ, ದಾನದತ್ತಿ ಮತ್ತು ದೇವಾಲಯಗಳ ವಿಷಯವನ್ನು ತಿಳಿಸುತ್ತವೆ. ಬಂದರಿನ ದಿನನಿತ್ಯದ ಬದುಕು, ಸಾಲ, ಜಗಳ, ಸ್ನೇಹ ಮತ್ತು ಸರಕಿನ ವಿವರಗಳಿಗೆ ಬೆನ್ ಯಿಜುವಿನ ಕಾಗದಗಳು ಪೂರಕ ಆಕರಗಳಾಗಿವೆ.

ಯಹೂದಿಗಳ ಇತಿಹಾಸದ ದೃಷ್ಟಿಯಿಂದಲೂ ಇವು ಗಮನಾರ್ಹ. ಪರದೇಶವಾಸವೆಂದರೆ ಹಿಂಸೆ ಮತ್ತು ಪಲಾಯನ ಎಂಬುದೇ ಸಾಮಾನ್ಯ ಚಿತ್ರ. ಮಂಗಳೂರಿನಲ್ಲಿ ಬೆನ್ ಯಿಜು ಸ್ಥಳೀಯರೊಡನೆ ಕೂಡಿ ಬಾಳಿ, ದುಡಿದು, ಸಂಪತ್ತು ಗಳಿಸಿದನು. ಆದರೂ ಮನಸ್ಸು ಬಳಗದ ಕಡೆಗೇ ಎಳೆಯಿತು. ಆತನನ್ನು ಯಹೂದಿಯಾಗಿ ಉಳಿಸಿದುದು ಪತ್ರ, ಕಾಗದ, ಧರ್ಮಶಾಸ್ತ್ರ ಮತ್ತು ಗೆಳೆಯರ ನಂಬಿಕೆ. ಯೆಹೂದಾ ಹಲೇವಿಯ ಹಂಬಲ ಜೆರುಸಲೇಮಿನ ಕಡೆಗಿದ್ದರೆ, ಬೆನ್ ಯಿಜುವಿನ ಪತ್ರಗಳಲ್ಲಿ ಕಾಣುವ ಹಂಬಲ ಒಡಹುಟ್ಟಿದವರ ಕಡೆಗಿತ್ತು. ಮಹ್ದಿಯಾದಲ್ಲಿ ಅದು ಈಡೇರಲಿಲ್ಲ. ಈಜಿಪ್ಟಿನಲ್ಲಿ, ಮಗಳ ಮದುವೆಯ ಮೂಲಕ, ಒಂದಷ್ಟು ಈಡೇರಿತು.

ಇವನ್ನೂ ನೋಡಿ

ಅಳುಪರು
ಮಂಗಳೂರು
ತುಳುನಾಡು
ಕೈರೋ ಗೆನೀಜಾ
ಕೊಚ್ಚಿಯ ಯಹೂದಿಗಳು
ಬೆನೆ ಇಸ್ರೇಲ್
ಅಮಿತಾವ್ ಘೋಷ್